ಅಮೆರಿಕದ ವಠಾರಗಳು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಸವೆದುಹೋಗಿದೆಯೆಂದರೆ ಅದರ ಅರ್ಥವನ್ನು ಯಾರೂ ನಿಂತು ಯೋಚಿಸುವುದಿಲ್ಲ. ಈ ಗಾದೆಯನ್ನು ಹುಟ್ಟಿಸಿದವನು ತನ್ನ ಮನೆಯನ್ನು ತಾನೇ ಕಟ್ಟಿಸಿಕೊಂಡವನು. ಕಲ್ಲು, ಮರ, ಸುಣ್ಣ, ಆಳುಕಾಳು ಎಂದು ಅಲೆದು ಬಳಲಿದವನು. ಪರರ ಮನೆಯಲ್ಲಿ ಬಾಡಿಗೆಗಿದ್ದು ಆಯುಷ್ಯ ಸವೆಸುವವನ ಕಷ್ಟಕ್ಕೆ ಆ ಗಾದೆಯಲ್ಲಿ ಎಡೆಯಿಲ್ಲ. ಆದರೆ ಮಹಾನಗರಗಳ ಕಾಲದಲ್ಲಿ ತನ್ನ ಮನೆಯನ್ನು ತಾನು ಕಟ್ಟಿಕೊಳ್ಳುವವರಿಗಿಂತ, ಯಾರೋ ಕಟ್ಟಿದ ಮನೆಗೆ ಬಾಡಿಗೆ ತೆತ್ತು ಬಾಳುವವರ ಪಾಡೇ ದೊಡ್ಡ ಪ್ರಶ್ನೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಸಾರಗಳು ಬಾಡಿಗೆಯ ಮನೆಗಳಲ್ಲಿವೆ. ನ್ಯೂಯಾರ್ಕ್ ನಗರವೊಂದನ್ನೇ ತೆಗೆದುಕೊಂಡರೆ ಮೂರರಲ್ಲಿ ಎರಡು ಪಾಲು. ಈ ಬಾಡಿಗೆದಾರರಿಗಾಗಿ ಆ ದೇಶದ ಬೇರೆ ಬೇರೆ ಮಹಾನಗರಗಳಲ್ಲಿ ಎಷ್ಟು ಮನೆಗಳು ಏಳುತ್ತಿವೆ, ಎಲ್ಲಿ ಏಳುತ್ತಿಲ್ಲ, ಏಕೆ ಏಳುತ್ತಿಲ್ಲ ಎಂಬುದೇ ನನ್ನ ಇಂದಿನ ವಿಷಯ.

ಸಾಹಿತ್ಯದ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೆ ಇಟ್ಟಿಗೆ ಗಾರೆಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ಕಾರಣ ಸರಳವಾದುದು. ನನ್ನ ಮಗಳ ಸಂಸಾರ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿದೆ. ಮಗನ ಸಂಸಾರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿದೆ. ಇಬ್ಬರದೂ ಬಾಡಿಗೆ ಮನೆ. ಇಬ್ಬರ ಕೆಲಸವೂ ಹೆಚ್ಚುಕಡಮೆ ಒಂದೇ ಬಗೆಯದು. ಮಗಳು ಹೋದ ವರ್ಷ ದೂರವಾಣಿಯಲ್ಲಿ, “ಅಣ್ಣ, ಮನೆ ಬಿಟ್ಟು ಹೋಗಬೇಡಿ ಅಂತ ಅವರೇ ಬಾಡಿಗೆ ಇಳಿಸಿದ್ದಾರೆ, ಒಂದು ತಿಂಗಳ ಬಾಡಿಗೆ ಬಿಟ್ಟೂ ಬಿಟ್ಟಿದ್ದಾರೆ” ಎಂದಳು. ಅದೇ ವಾರ ಮಗ, “ಮತ್ತೆ ಏರಿಸಿದ್ದಾರೆ ಅಣ್ಣ, ಬೇರೆ ಕಡೆ ನೋಡೋಣವೆಂದರೆ ಬೇರೆ ಕಡೆ ಎನ್ನುವುದೇ ಇಲ್ಲ” ಎಂದ. ಒಂದೇ ದೇಶ, ಒಂದೇ ನಾಣ್ಯ, ಒಂದೇ ವೃತ್ತಿ. ಬಾಡಿಗೆ ಮಾತ್ರ ಒಂದೆಡೆ ಇಳಿಮುಖ, ಇನ್ನೊಂದೆಡೆ ಏರುಮುಖ. ಇದರ ಮೂಲವನ್ನು ಹುಡುಕುತ್ತ ಹೋದವನಿಗೆ ಸಿಕ್ಕ ಸಂಗತಿಗಳಲ್ಲಿ ಕೆಲವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಅಮೆರಿಕನ್ನರು ಅಪಾರ್ಟ್‌ಮೆಂಟ್ ಎಂದು ಕರೆಯುವುದು ಯಾವುದನ್ನು ಎಂಬುದು ಸ್ಪಷ್ಟವಾಗಬೇಕು. ಬೆಂಗಳೂರಿನಲ್ಲಿ ಆ ಮಾತಿಗೆ ಬಿಡಿಬಿಡಿಯಾಗಿ ಕ್ರಯಕ್ಕೆ ಕೊಡುವ ಫ್ಲ್ಯಾಟು ಎಂಬ ಅರ್ಥ ಬಂದುಬಿಟ್ಟಿದೆ. ಅಮೆರಿಕದಲ್ಲಿ ಹಾಗಲ್ಲ. ಕೊಂಡು ಸ್ವಂತ ಮಾಡಿಕೊಳ್ಳುವ ಫ್ಲ್ಯಾಟಿಗೆ ಅಲ್ಲಿ ಕಾಂಡೊಮಿನಿಯಂ ಎಂದು ಬೇರೆಯೇ ಹೆಸರುಂಟು. ಅಪಾರ್ಟ್‌ಮೆಂಟ್ ಎಂದರೆ ಸಾಮಾನ್ಯವಾಗಿ ಒಬ್ಬನೇ ಒಡೆಯನಿಗೋ ಒಂದೇ ಸಂಸ್ಥೆಗೋ ಸೇರಿದ, ಇನ್ನೂರು ಮುನ್ನೂರು ಬಾಡಿಗೆ ಮನೆಗಳುಳ್ಳ ಕಟ್ಟಡ. ಹಾಗೆ ನೋಡಿದರೆ ನಮ್ಮ ಹಳೆಯ ವಠಾರಕ್ಕೆ ಅದು ಹೆಚ್ಚು ಹತ್ತಿರದ್ದು. ಮಾಲೀಕನೊಬ್ಬ, ಬಾಡಿಗೆದಾರರು ಹಲವರು, ನಡುವೆ ಒಂದು ಅಂಗಳ. ಅಂಗಳದಲ್ಲಿ ಬಾವಿಯ ಬದಲು ಈಜುಕೊಳ ಇರುತ್ತದೆ, ಅಷ್ಟೆ. ಇನ್ನೊಂದು ವಿಶೇಷ: ನ್ಯೂಯಾರ್ಕಿನ ಗಗನಚುಂಬಿಗಳ ಚಿತ್ರಗಳನ್ನು ನೋಡಿ ಬೆಳೆದ ನಾವು ಅಮೆರಿಕದ ವಸತಿ ಕಟ್ಟಡಗಳೆಲ್ಲ ಉಕ್ಕು ಕಾಂಕ್ರೀಟುಗಳವು ಎಂದು ಭಾವಿಸುತ್ತೇವೆ. ಈ ಎರಡು ದಶಕಗಳಲ್ಲಿ ಅಲ್ಲಿ ಎದ್ದಿರುವ ವಠಾರಗಳಲ್ಲಿ ಬಹುಪಾಲು ಮರದ ಚೌಕಟ್ಟಿನವು. ತಳದಲ್ಲಿ ಒಂದು ಅಂತಸ್ತು ಕಾಂಕ್ರೀಟು, ಅದರ ಮೇಲೆ ನಾಲ್ಕೈದು ಅಂತಸ್ತು ಮರ. ಬೇಗ ಏಳುತ್ತದೆ, ಅಗ್ಗವಾಗಿ ಏಳುತ್ತದೆ. ಆಸ್ಟಿನ್ನಿನಿಂದ ಸಿಯಾಟಲ್ಲಿನವರೆಗೆ ಎಲ್ಲ ಊರಿನಲ್ಲಿಯೂ ಒಂದೇ ಮುಖ ಹೊತ್ತು ನಿಂತಿರುತ್ತದೆ.

ಇನ್ನು ಅಳೆಯುವ ಬಗೆ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ತಿಂಗಳೂ ಮೂರು ಲೆಕ್ಕಗಳನ್ನು ಪ್ರಕಟಿಸುತ್ತದೆ: ಎಷ್ಟು ಮನೆಗಳಿಗೆ ಪರವಾನಗಿ ದೊರೆಯಿತು, ಎಷ್ಟರ ಕೆಲಸ ಆರಂಭವಾಯಿತು, ಎಷ್ಟು ಮುಗಿದವು ಎಂದು. ಪರವಾನಗಿ ಎಂದರೆ ಸಂಕಲ್ಪ, ಆರಂಭ ಎಂದರೆ ಅಸ್ತಿಭಾರ, ಮುಗಿದುದು ಎಂದರೆ ಗೃಹಪ್ರವೇಶ. ದೊಡ್ಡ ವಠಾರವೊಂದು ಸಂಕಲ್ಪದಿಂದ ಗೃಹಪ್ರವೇಶಕ್ಕೆ ಬರಲು ಒಂದೂವರೆ ಎರಡು ವರ್ಷ ಹಿಡಿಯುವುದು ಸಾಮಾನ್ಯ. ಆದುದರಿಂದ ಇಂದು ಬಾಗಿಲು ತೆರೆಯುತ್ತಿರುವ ಮನೆಗಳು ಇಂದಿನ ಉತ್ಸಾಹದ ಫಲವಲ್ಲ, ಎರಡು ವರ್ಷ ಹಿಂದಿನ ಉತ್ಸಾಹದ ಫಲ. ಈ ಅಂತರವನ್ನು ಮರೆತವರು ಅಂಕಿಗಳನ್ನು ತಲೆಕೆಳಗಾಗಿ ಓದುವುದುಂಟು. ಮತ್ತೆ, ಇಲ್ಲಿ ಹೋಲಿಸುವುದು ಪುರಸಭೆಯ ಗಡಿಯೊಳಗಣ ಊರುಗಳನ್ನಲ್ಲ. ಊರು, ಅದರ ಉಪನಗರಗಳು, ಅಲ್ಲಿಂದ ದಿನವೂ ಕೆಲಸಕ್ಕೆ ಬಂದುಹೋಗುವ ಜನರ ಕೌಂಟಿಗಳು ಎಲ್ಲವೂ ಕೂಡಿದ ಮಹಾನಗರ ಪ್ರದೇಶಗಳನ್ನು. ಕೊನೆಯದಾಗಿ, ಎರಡು ಕೋಟಿ ಜನರ ನ್ಯೂಯಾರ್ಕ್ ಪ್ರದೇಶವನ್ನೂ 2020ರಲ್ಲಿ ಇಪ್ಪತ್ತಮೂರು ಲಕ್ಷ ಜನರಿದ್ದ ಆಸ್ಟಿನ್ ಪ್ರದೇಶವನ್ನೂ ಬರಿಯ ಸಂಖ್ಯೆಯಿಂದ ತೂಗಿದರೆ ಅನ್ಯಾಯವಾಗುತ್ತದೆ. ಸಾವಿರ ಜನಕ್ಕೆ ಎಷ್ಟು ಮನೆ ಎಂದು ಕೇಳುವುದೇ ಧರ್ಮ.

ಹಾಗೆ ಕೇಳಿದಾಗ ಬರುವ ಉತ್ತರ ಬೆರಗು ಹುಟ್ಟಿಸುತ್ತದೆ. 2021ನೆಯ ವರ್ಷವನ್ನು ತೆಗೆದುಕೊಳ್ಳೋಣ. ಆ ಒಂದು ವರ್ಷದಲ್ಲಿ ಆಸ್ಟಿನ್ ಮಹಾನಗರ ಪ್ರದೇಶದಲ್ಲಿ ಎಲ್ಲ ಬಗೆಯ ಮನೆಗಳೂ ಸೇರಿ ಸುಮಾರು 50,000 ಮನೆಗಳಿಗೆ ಪರವಾನಗಿ ದೊರೆಯಿತು. ಅವುಗಳಲ್ಲಿ ಅರ್ಧದಷ್ಟು ವಠಾರದ ಮನೆಗಳು. ಸಾವಿರ ಜನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮನೆ ಎಂದಾಯಿತು. ಅದೇ ಟೆಕ್ಸಸ್ಸಿನ ಹ್ಯೂಸ್ಟನ್, ಡಲ್ಲಾಸ್ ಪ್ರದೇಶಗಳಲ್ಲಿ ಸಾವಿರಕ್ಕೆ ಸುಮಾರು ಹತ್ತು. ನ್ಯೂಯಾರ್ಕ್, ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶಗಳಲ್ಲಿ ಮೂರರ ಆಸುಪಾಸು. ಷಿಕಾಗೋದಲ್ಲಿ ಎರಡರ ಆಸುಪಾಸು. ಹಣ ಹೆಚ್ಚು ಇರುವುದು, ಬಾಡಿಗೆ ಅತಿ ಹೆಚ್ಚು ಇರುವುದು, ಮನೆಗಾಗಿ ಜನ ಹಂಬಲಿಸುತ್ತಿರುವುದು ನ್ಯೂಯಾರ್ಕಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮನೆಗಳು ಏಳುತ್ತಿರುವುದು ಮಾತ್ರ ಟೆಕ್ಸಸ್ಸಿನ ಬಯಲಿನಲ್ಲಿ. ಬಾಯಾರಿದವರು ಒಂದೆಡೆ, ಬಾವಿ ಇನ್ನೊಂದೆಡೆ.

ಇದು ಹೀಗೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ವಲಸೆ ಬಂದ ಬಡವರು ಗಾಳಿಬೆಳಕಿಲ್ಲದ ವಠಾರಗಳಲ್ಲಿ ತುಂಬಿಕೊಂಡಿದ್ದರು. 1901ರಲ್ಲಿ ಆ ಸಂಸ್ಥಾನ ಒಂದು ಕಾಯಿದೆ ಮಾಡಿ, ಹೊಸ ಕಟ್ಟಡಗಳಲ್ಲಿ ಪ್ರತಿಯೊಂದು ಕೋಣೆಗೂ ಹೊರಗಿನ ಗಾಳಿಬೆಳಕು, ಪ್ರತಿಯೊಂದು ಮನೆಗೂ ಪಾಯಿಖಾನೆ ಇರಲೇಬೇಕೆಂದು ವಿಧಿಸಿತು. ಅದು ಬಾಡಿಗೆದಾರನ ಹಿತಕ್ಕಾಗಿ ಬಂದ ನಿಯಮ. 1916ರಲ್ಲಿ ನ್ಯೂಯಾರ್ಕ್ ನಗರ ಇಡೀ ಊರನ್ನು ವಲಯಗಳಾಗಿ ವಿಂಗಡಿಸಿ, ಎಲ್ಲೆಲ್ಲಿ ಏನೇನು ಎಷ್ಟೆತ್ತರ ಕಟ್ಟಬಹುದೆಂಬ ಕಟ್ಟಳೆ ತಂದಿತು. ಆ ಕಟ್ಟಳೆ ಊರಿಂದೂರಿಗೆ ಹಬ್ಬಿದಂತೆ ಅದರ ಉದ್ದೇಶವೂ ಬದಲಾಯಿತು. ಕರಿಯರು ಇಲ್ಲಿ, ಬಿಳಿಯರು ಅಲ್ಲಿ ಎಂದು ವರ್ಣದ ಮೇಲೆ ಬೀದಿಗಳನ್ನು ಹಂಚುವ ಕಟ್ಟಳೆಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ತಳ್ಳಿಹಾಕಿತು. ಆದರೆ ಇಲ್ಲಿ ಒಂದು ಸಂಸಾರದ ಒಂಟಿಮನೆ ಮಾತ್ರ, ವಠಾರ ಕೂಡದು ಎನ್ನುವ ಕಟ್ಟಳೆಗೆ ಅಡ್ಡಿಯಿರಲಿಲ್ಲ. ವಠಾರ ಕೂಡದೆಂದರೆ ವಠಾರದಲ್ಲಿ ಇರಬಲ್ಲವರೂ ಕೂಡದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

1926ರಲ್ಲಿ ಕ್ಲೀವ್‌ಲ್ಯಾಂಡ್ ಬಳಿಯ ಯೂಕ್ಲಿಡ್ ಎಂಬ ಪುಟ್ಟ ಊರಿನ ವ್ಯಾಜ್ಯವೊಂದು ಅದೇ ನ್ಯಾಯಾಲಯಕ್ಕೆ ಬಂತು. ವಲಯದ ಕಟ್ಟಳೆ ಸಿಂಧುವೆಂದು ತೀರ್ಪಾಯಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಅವರು ಒಂಟಿಮನೆಗಳ ಬೀದಿಯಲ್ಲಿ ತಲೆಯೆತ್ತುವ ವಠಾರವನ್ನು ಪರೋಪಜೀವಿಯೆಂದು ಕರೆದರು. ನೆರೆಮನೆಗಳ ತೋಟ, ಗಾಳಿ, ನೆಮ್ಮದಿಗಳ ಲಾಭ ಪಡೆಯಲೆಂದೇ ಅದು ಬರುತ್ತದೆ. ಒಂದರ ಹಿಂದೆ ಇನ್ನೊಂದು ಬಂದು ಬಿಸಿಲನ್ನೂ ಗಾಳಿಯನ್ನೂ ಮುಚ್ಚಿಬಿಡುತ್ತದೆ ಎಂಬುದು ಅವರ ವಾದದ ಸಾರ. ನಮ್ಮ ಮಾತಿನಲ್ಲಿ ಹೇಳುವುದಾದರೆ ವಠಾರವೆಂಬುದು ಮಾವಿನ ಮರಕ್ಕೆ ಹತ್ತಿದ ಬಂದಳಿಕೆ. ಈ ಒಂದು ರೂಪಕ ಅಮೆರಿಕದ ನಗರಗಳ ಮೇಲೆ ನೂರು ವರ್ಷ ಆಳ್ವಿಕೆ ನಡೆಸಿತೆಂದರೆ ಅತಿಶಯೋಕ್ತಿಯಲ್ಲ. ಉಪಮೆಗಳನ್ನು ಅಲಂಕಾರವೆಂದು ಪಾಠ ಹೇಳಿದ ನನಗೆ, ಒಂದು ಉಪಮೆ ಲಕ್ಷಾಂತರ ಜನರ ತಲೆಯ ಮೇಲಿನ ಸೂರನ್ನು ನಿರ್ಧರಿಸಬಲ್ಲುದೆಂಬುದು ಈ ವಯಸ್ಸಿನಲ್ಲಿ ಹೊಳೆದ ಸಂಗತಿ.

ಈಗ ಊರುಗಳನ್ನು ಒಂದೊಂದಾಗಿ ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋ ಮೂರು ಕಡೆ ನೀರು ಸುತ್ತಿದ ಊರು, ನೆಲ ಕಡಮೆ. ಆದರೆ ಮನೆ ಏಳದಿರುವುದಕ್ಕೆ ನೆಲ ಒಂದೇ ಕಾರಣವಲ್ಲ. 1978ರಲ್ಲಿ ಆ ನಗರ ತನ್ನ ವಸತಿ ಬಡಾವಣೆಗಳಲ್ಲಿ ಕಟ್ಟಬಹುದಾದ ಮನೆಗಳ ಸಂಖ್ಯೆಯನ್ನು ಕಟ್ಟಳೆಯಿಂದ ಕುಗ್ಗಿಸಿತು. 1984ರಲ್ಲಿ ಸಾರ್ವಜನಿಕ ಉದ್ಯಾನಗಳ ಮೇಲೆ ಹೊಸ ಕಟ್ಟಡಗಳ ನೆರಳು ಬೀಳದಂತೆ ಮತದಾರರು ಒಂದು ನಿಯಮವನ್ನು ಅಂಗೀಕರಿಸಿದರು. ನಿಯಮದಂತೆಯೇ ಇರುವ ಕಟ್ಟಡವನ್ನೂ ಮತ್ತೆ ವಿಚಾರಣೆಗೆ ಎಳೆಯುವ ಅವಕಾಶ ನೆರೆಯವರಿಗೆ ದೊರೆಯಿತು. ಒಂದೊಂದು ನಿಯಮವನ್ನೂ ಬೇರೆಬೇರೆಯಾಗಿ ನೋಡಿದರೆ ಸಜ್ಜನಿಕೆಯದೇ. ಎಲ್ಲವೂ ಕೂಡಿದಾಗ ಆದ ಪರಿಣಾಮವೇನು? 2023ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ವಸತಿ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ, ಆ ನಗರದಲ್ಲಿ ವಸತಿ ಯೋಜನೆಗೆ ಒಪ್ಪಿಗೆ ದೊರೆಯಲು ಸರಾಸರಿ 523 ದಿನಗಳೂ, ಅನಂತರ ಕಟ್ಟಡದ ಪರವಾನಗಿಗೆ 605 ದಿನಗಳೂ ಬೇಕಾಗುತ್ತಿವೆಯೆಂದು ತಿಳಿದುಬಂತು. ಮೂರು ವರ್ಷ ಕಾಗದದ ಮೇಲೆ ಕಳೆದ ಮೇಲೆ ಮೊದಲ ಗುದ್ದಲಿ ನೆಲಕ್ಕೆ ಬೀಳಬೇಕು. 2021ರ ಅಕ್ಟೋಬರಿನಲ್ಲಿ ನಡುಪೇಟೆಯ ಸ್ಟೀವನ್‌ಸನ್ ಬೀದಿಯಲ್ಲಿ, ಕಾರು ನಿಲ್ಲಿಸಲು ಬಳಸುತ್ತಿದ್ದ ಜಾಗದಲ್ಲಿ 495 ಮನೆಗಳ ಕಟ್ಟಡವೊಂದು ಏಳುವುದನ್ನು ನಗರದ ಮೇಲ್ವಿಚಾರಕ ಮಂಡಲಿ ತಡೆಯಿತು. ಅಲ್ಲಿ ಮರವಿರಲಿಲ್ಲ, ಮನೆಯಿರಲಿಲ್ಲ, ನಿಂತ ಕಾರುಗಳಿದ್ದವು. ಇದೇ ನಗರ 2023ರಿಂದ 2031ರೊಳಗೆ 82,000 ಮನೆಗಳಿಗೆ ಅವಕಾಶ ಮಾಡಿಕೊಡಬೇಕೆಂದು ಸಂಸ್ಥಾನದ ಆಜ್ಞೆಯಿದೆ. 2025ರಲ್ಲಿ ಕೃತಕ ಬುದ್ಧಿಮತ್ತೆಯ ಉದ್ಯಮದ ಹಣ ಊರಿಗೆ ಹರಿದು ಬಂದಾಗ ಹೊಸ ಮನೆಗಳಿರಲಿಲ್ಲ. ಹಣ ನೇರವಾಗಿ ಬಾಡಿಗೆಯ ಮೇಲೆ ಏರಿ ಕೂತಿತು.

ಲಾಸ್ ಏಂಜಲಿಸಿನ ಕಥೆ ಇನ್ನೂ ಸೋಜಿಗದ್ದು. ಒಂದು ಸಂಶೋಧನೆಯ ಲೆಕ್ಕದಂತೆ 1960ರಲ್ಲಿ ಆ ನಗರದ ವಲಯ ಕಟ್ಟಳೆಗಳು ಸುಮಾರು ಒಂದು ಕೋಟಿ ಜನರಿಗೆ ಮನೆ ಕಟ್ಟಲು ಎಡೆಕೊಡುತ್ತಿದ್ದವು. ಆಗ ಜನವಿದ್ದುದು ಇಪ್ಪತ್ತೈದು ಲಕ್ಷ. 1990ರ ವೇಳೆಗೆ ಆ ಎಡೆಯನ್ನು ಕುಗ್ಗಿಸುತ್ತ ಕುಗ್ಗಿಸುತ್ತ ನಲವತ್ತು ಲಕ್ಷಕ್ಕೆ ತಂದು ನಿಲ್ಲಿಸಿದರು. ಜನ ಮಾತ್ರ ಮೂವತ್ತೈದು ಲಕ್ಷಕ್ಕೆ ಬೆಳೆದಿದ್ದರು. ಮಗು ಬೆಳೆಯುತ್ತಿರುವಾಗ ಅಂಗಿಯನ್ನು ಬಿಚ್ಚಿ ಬಿಚ್ಚಿ ಚಿಕ್ಕದಾಗಿ ಹೊಲಿದಂತೆ. ಸಾಲದುದಕ್ಕೆ 2025ರ ಜನವರಿಯ ಬೆಂಕಿಯಲ್ಲಿ ಆ ಪ್ರದೇಶ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಕಳೆದುಕೊಂಡಿತು.

ನ್ಯೂಯಾರ್ಕಿನಲ್ಲಿ ಮನೆಗಳ ಏರಿಳಿತ ತೆರಿಗೆಯ ರಿಯಾಯಿತಿಯನ್ನು ಹಿಂಬಾಲಿಸುತ್ತದೆ. ಹೊಸ ಬಾಡಿಗೆ ಕಟ್ಟಡಗಳಿಗೆ ಬಹುಕಾಲದಿಂದ ಇದ್ದ ಆಸ್ತಿ ತೆರಿಗೆಯ ವಿನಾಯಿತಿ 2022ರ ಜೂನ್‌ನಲ್ಲಿ ಮುಗಿಯಲಿತ್ತು. ಅಷ್ಟರೊಳಗೆ ಕೆಲಸ ಆರಂಭಿಸಿದವರಿಗೆ ಮಾತ್ರ ಆ ಸೌಲಭ್ಯ. ಅಸ್ತಿಭಾರ ಹಾಕಲು ಊರಿಗೆ ಊರೇ ಓಡಿತು. ಗಡುವು ಮುಗಿದ ಮೇಲೆ ಸದ್ದಡಗಿತು. 2023ರಲ್ಲಿ ನಗರ ನಡೆಸಿದ ಸಮೀಕ್ಷೆಯಲ್ಲಿ ಬಾಡಿಗೆ ಮನೆಗಳ ಪೈಕಿ ಖಾಲಿಯಿದ್ದುದು ಶೇಕಡ 1.41 ಮಾತ್ರ, 1968ರಿಂದೀಚೆಗೆ ಅಷ್ಟು ಕಡಮೆ ಎಂದೂ ಇರಲಿಲ್ಲ. ನೂರು ಮನೆಗಳಲ್ಲಿ ಒಂದೂವರೆಯೂ ಖಾಲಿಯಿಲ್ಲದ ಊರಿನಲ್ಲಿ ಬಾಡಿಗೆದಾರ ಯಾವ ಮಾಲೀಕನೊಂದಿಗೆ ಚೌಕಾಸಿ ಮಾಡಿಯಾನು? 2024ರ ಡಿಸೆಂಬರಿನಲ್ಲಿ ಆ ನಗರ ತನ್ನ ಕಟ್ಟಳೆಗಳನ್ನು ಸಡಿಲಿಸಿ, ಹದಿನೈದು ವರ್ಷಗಳಲ್ಲಿ ಸುಮಾರು 82,000 ಹೆಚ್ಚಿನ ಮನೆಗಳಿಗೆ ದಾರಿ ಮಾಡುವ ಯೋಜನೆಯನ್ನು ಅಂಗೀಕರಿಸಿತು. ಷಿಕಾಗೋದಲ್ಲಿ ತಡೆ ಇರುವುದು ಕಾಯಿದೆಯಲ್ಲಿ ಅಲ್ಲ, ವಾಡಿಕೆಯಲ್ಲಿ. ಒಂದು ವಾರ್ಡಿನ ಸದಸ್ಯ ಬೇಡವೆಂದರೆ ಆ ವಾರ್ಡಿನ ವಲಯ ಬದಲಾವಣೆಗೆ ಉಳಿದ ಸದಸ್ಯರು ಕೈಯೆತ್ತುವುದಿಲ್ಲ. ಎಲ್ಲಿಯೂ ಬರೆಯದ ಈ ನಿಯಮ ಬರೆದ ನಿಯಮಗಳಿಗಿಂತ ಗಟ್ಟಿ.

ಹ್ಯೂಸ್ಟನ್ ಇವೆಲ್ಲಕ್ಕೂ ಅಪವಾದ. ಅಲ್ಲಿ ವಲಯ ಕಟ್ಟಳೆಯೇ ಇಲ್ಲ. 1948, 1962, 1993 ಹೀಗೆ ಮೂರು ಸಲ ಮತದಾರರ ಮುಂದೆ ಬಂದಾಗಲೂ ಅವರು ಅದನ್ನು ತಿರಸ್ಕರಿಸಿದರು. ಹಾಗೆಂದು ಅದು ಸಂಪೂರ್ಣ ಸ್ವೇಚ್ಛೆಯ ಊರೂ ಅಲ್ಲ. ಕ್ರಯಪತ್ರಗಳಲ್ಲಿ ಬರೆದ ನಿರ್ಬಂಧಗಳನ್ನು ನಗರಾಡಳಿತವೇ ಜಾರಿ ಮಾಡುತ್ತದೆ. 2017ರ ಹಾರ್ವಿ ಚಂಡಮಾರುತದ ನೀರು ಮನೆಗಳೊಳಕ್ಕೆ ನುಗ್ಗಿದಾಗ, ನೀರು ಇಂಗುವ ಬಯಲುಗಳ ಮೇಲೆಲ್ಲ ಕಟ್ಟುತ್ತ ಹೋದುದರ ಬೆಲೆಯೂ ಕಂಡಿತು. ಎಲ್ಲಕ್ಕೂ ಹೌದೆನ್ನುವುದೂ ಒಂದು ವಿವೇಕವಲ್ಲ.

ಆಸ್ಟಿನ್ ಟೆಕ್ಸಸ್ಸಿನಲ್ಲಿದ್ದರೂ ಬಹುಕಾಲ ನಿಯಮಗಳಲ್ಲಿ ಕ್ಯಾಲಿಫೋರ್ನಿಯಾದ ತಂಗಿಯಂತೆ ಇತ್ತು. ಕಳೆದ ದಶಕದಲ್ಲಿ ಜನ ಅಲ್ಲಿಗೆ ನುಗ್ಗಿದರು, ಬಾಡಿಗೆ ಏರಿತು; ಊರು ದೊಡ್ಡ ರಸ್ತೆಗಳ ಬದಿಯಲ್ಲಿ, ಹೊರವಲಯದಲ್ಲಿ ವಠಾರಗಳಿಗೆ ಎಡೆಗೊಟ್ಟಿತು. 2023ರ ನವೆಂಬರಿನಲ್ಲಿ, ಪ್ರತಿ ಕಟ್ಟಡಕ್ಕೂ ಇಷ್ಟು ಕಾರುಗಳಿಗೆ ಜಾಗ ಇರಲೇಬೇಕೆಂಬ ನಿಯಮವನ್ನು ಇಡೀ ಊರಿನಲ್ಲಿ ರದ್ದುಮಾಡಿತು. ಮರು ತಿಂಗಳೇ ಒಂಟಿಮನೆಯ ನಿವೇಶನದಲ್ಲಿ ಮೂರು ಮನೆ ಕಟ್ಟಲು ಒಪ್ಪಿಗೆ ಕೊಟ್ಟಿತು. 2024ರಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು 5,750 ಚದರಡಿಯಿಂದ 1,800ಕ್ಕೆ ಇಳಿಸಿತು. ಆದರೆ ನಾನಾಗಲೇ ಹೇಳಿದ ಕಾಲದ ಅಂತರವನ್ನು ಇಲ್ಲಿ ನೆನೆಯಬೇಕು. ಬಾಡಿಗೆಯನ್ನು ಇಳಿಸಿದುದು ಈ ಹೊಸ ನಿಯಮಗಳಲ್ಲ. 2021, 2022ರಲ್ಲಿ ಅಸ್ತಿಭಾರ ಕಂಡು 2023, 2024ರಲ್ಲಿ ಬಾಗಿಲು ತೆರೆದ ಮನೆಗಳು. 2022–23ರಲ್ಲಿ ಶಿಖರ ಮುಟ್ಟಿದ್ದ ಬಾಡಿಗೆ 2025ರ ವೇಳೆಗೆ ಶೇಕಡ ಹದಿನೈದಕ್ಕೂ ಹೆಚ್ಚು ಕುಸಿದಿತ್ತು. ಜನ ಊರು ಬಿಟ್ಟುದರಿಂದ ಅಲ್ಲ. ಜನ ಬರುತ್ತಲೇ ಇದ್ದರು. ಬಂದವರಿಗಿಂತ ಹೆಚ್ಚು ಬಾಗಿಲುಗಳು ತೆರೆದಿದ್ದವು, ಅಷ್ಟೆ.

ಮಿಸಿಸಿಪಿ ನದಿಯ ಎರಡು ದಡದ ಅವಳಿ ನಗರಗಳು ಇದಕ್ಕೆ ಇನ್ನೊಂದು ನಿದರ್ಶನ. ಮಿನಿಯಾಪೊಲಿಸ್ ನಗರ 2018ರಲ್ಲಿ ಅಂಗೀಕರಿಸಿದ ಯೋಜನೆಯಲ್ಲಿ ಒಂಟಿಮನೆಗಷ್ಟೇ ಮೀಸಲಾದ ವಲಯಗಳನ್ನು ಕೈಬಿಟ್ಟಿತು; ಮುಖ್ಯ ರಸ್ತೆಗಳ ಬದಿಯಲ್ಲಿ ವಠಾರಗಳಿಗೆ ಅವಕಾಶ ಹೆಚ್ಚಿಸಿತು. 2017ರಿಂದ 2022ರವರೆಗೆ ಅಲ್ಲಿ ಮನೆಗಳ ಸಂಖ್ಯೆ ಶೇಕಡ 12 ಬೆಳೆಯಿತು, ಬಾಡಿಗೆ ಬೆಳೆದುದು ಶೇಕಡ 1. ಅದೇ ಸಂಸ್ಥಾನದ ಉಳಿದ ಭಾಗಗಳಲ್ಲಿ ಬಾಡಿಗೆ ಶೇಕಡ 14 ಏರಿತು. ಆಚೆ ದಡದ ಸೇಂಟ್ ಪಾಲ್ ನಗರದ ಮತದಾರರು 2021ರಲ್ಲಿ, ಹೊಸ ಕಟ್ಟಡವೂ ಸೇರಿದಂತೆ ಯಾವ ಮನೆಯ ಬಾಡಿಗೆಯೂ ವರ್ಷಕ್ಕೆ ಶೇಕಡ 3ಕ್ಕಿಂತ ಹೆಚ್ಚು ಏರಕೂಡದೆಂದು ನಿಯಮಿಸಿದರು. ಬಡವರ ಮೇಲಣ ಕನಿಕರದಿಂದಲೇ ಮಾಡಿದ ನಿಯಮ. ಆದರೆ ಕೆಲವೇ ತಿಂಗಳಲ್ಲಿ ಹೊಸ ಪರವಾನಗಿಗಳ ಅರ್ಜಿಗಳು ಕುಸಿದುಬಿದ್ದವು. ಮರು ವರ್ಷ ಹೊಸ ಕಟ್ಟಡಗಳಿಗೆ ಇಪ್ಪತ್ತು ವರ್ಷದ ವಿನಾಯಿತಿ ಕೊಡಬೇಕಾಯಿತು; 2025ರಲ್ಲಿ, 2004ರ ಅನಂತರ ಕಟ್ಟಿದ ಮನೆಗಳಿಗೆಲ್ಲ ಶಾಶ್ವತವಾಗಿಯೇ ವಿನಾಯಿತಿ ಕೊಟ್ಟರು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಹೊಸದಾಗಿ ಏಳುವ ವಠಾರಗಳೆಲ್ಲ ಸಿರಿವಂತರಿಗೆ; ಬಡವನಿಗೆ ಅದರಿಂದೇನು ಎಂಬುದು. ಎವಾನ್ ಮಾಸ್ಟ್ ಎಂಬ ಅರ್ಥಶಾಸ್ತ್ರಜ್ಞರು ದೊಡ್ಡ ನಗರಗಳ ಹೊಸ ಕಟ್ಟಡಗಳಿಗೆ ಬಂದ 52,000 ಜನರ ಜಾಡು ಹಿಡಿದು, ಅವರು ಎಲ್ಲಿಂದ ಬಂದರು, ಅವರು ಬಿಟ್ಟ ಮನೆಗೆ ಯಾರು ಬಂದರು, ಆ ಬಂದವರು ಬಿಟ್ಟ ಮನೆಗೆ ಮತ್ತಾರು ಬಂದರು ಎಂದು ಆರು ಸುತ್ತು ಹಿಂಬಾಲಿಸಿದರು. ಸುತ್ತು ಮುಂದುವರಿದಂತೆ ಸರಪಣಿ ಬಡವರ ಬಡಾವಣೆಗಳನ್ನು ಮುಟ್ಟಿತು. ಮೇಲಿನ ಮೆಟ್ಟಿಲಿನವನು ಒಂದು ಮೆಟ್ಟಿಲು ಏರಿದರೆ ಕೆಳಗಿನವನಿಗೂ ಕಾಲಿಡಲು ಎಡೆ ಸಿಗುತ್ತದೆ. ಹೊಸ ಮನೆ ಏಳದಿದ್ದರೆ ಸಿರಿವಂತ ಊರು ಬಿಟ್ಟು ಹೋಗುವುದಿಲ್ಲ; ಬಡವನಿದ್ದ ಹಳೆಯ ಮನೆಗೇ ಹೆಚ್ಚು ಬಾಡಿಗೆ ಕೊಟ್ಟು ಬರುತ್ತಾನೆ.

ಆದರೂ ಇದನ್ನೇ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಕಟ್ಟುವವನು ಲಾಭಕ್ಕಾಗಿ ಕಟ್ಟುತ್ತಾನೆ. ಬಾಡಿಗೆ ಇಳಿದೊಡನೆ ಕೈಕಟ್ಟುತ್ತಾನೆ. 2022ರ ಮಾರ್ಚಿನಲ್ಲಿ ಸೊನ್ನೆಯ ಬಳಿಯಿದ್ದ ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿದರ 2023ರ ಜುಲೈ ವೇಳೆಗೆ ಶೇಕಡ ಐದನ್ನು ದಾಟಿತು. ಸಾಲ ದುಬಾರಿಯಾಗಿ, ಬಾಡಿಗೆ ಇಳಿದು, ಹೊಸ ಅಸ್ತಿಭಾರಗಳು ಕಡಮೆಯಾದವು. 2024ರಲ್ಲಿ ದೇಶದಾದ್ಯಂತ ಸುಮಾರು ಆರು ಲಕ್ಷ ವಠಾರದ ಮನೆಗಳು ಮುಗಿದವು. 1974ರ ಅನಂತರ ಒಂದು ವರ್ಷದಲ್ಲಿ ಅಷ್ಟು ಮುಗಿದುದು ಅದೇ ಮೊದಲು. ಆದರೆ ಆ ಸುಗ್ಗಿಯ ಹೊತ್ತಿಗೆ ಬಿತ್ತನೆ ಆಗಲೇ ಕುಗ್ಗಿತ್ತು. ಆಸ್ಟಿನ್ನಿನ ಇಂದಿನ ಬಾಡಿಗೆದಾರನ ಸುಖ ನಾಳೆಯ ಬಾಡಿಗೆದಾರನಿಗೆ ತಾನಾಗಿಯೇ ದೊರೆಯುತ್ತದೆಂಬ ಭರವಸೆಯಿಲ್ಲ. ಅಲ್ಲದೆ ಅದೇ ಊರು 1928ರ ಯೋಜನೆಯಲ್ಲಿ ಕರಿಯರನ್ನು ಪೂರ್ವ ದಿಕ್ಕಿನ ಬಡಾವಣೆಗಳಿಗೆ ಒತ್ತರಿಸಿತ್ತು. ಅವರ ಮೊಮ್ಮಕ್ಕಳು ಈ ಬೆಳವಣಿಗೆಯ ಕಾಲದಲ್ಲಿ ಅಲ್ಲಿಂದಲೂ ಚದುರಿಹೋದರು. ಅಂಥವರಿಗೆ ಮಾರುಕಟ್ಟೆಯ ಮನೆ ಮಾತ್ರ ಸಾಲದು. ಸರಕಾರದ ಕೈ ಬೇಕು.

ಆ ಕೈ ಏನು ಮಾಡಬಲ್ಲುದು, ಯಾವಾಗ ಮಾಡಬಲ್ಲುದು ಎಂಬುದಕ್ಕೆ ಎರಡು ಸಂಖ್ಯೆಗಳನ್ನು ಹೇಳಿ ಮುಂದೆ ಸಾಗುತ್ತೇನೆ. ಅಮೆರಿಕದಲ್ಲಿ ಜನವರಿಯ ಒಂದು ರಾತ್ರಿ ಸೂರಿಲ್ಲದವರನ್ನು ಎಣಿಸುವ ಪದ್ಧತಿಯಿದೆ. 2024ರ ಎಣಿಕೆಯಲ್ಲಿ ಒಂದು ಕೋಟಿಗೆ ಸಮೀಪ ಜನಸಂಖ್ಯೆಯುಳ್ಳ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಸುಮಾರು 75,000 ಮಂದಿ ಸೂರಿಲ್ಲದವರಿದ್ದರು. ಅರವತ್ತು ಲಕ್ಷಕ್ಕೂ ಮಿಕ್ಕಿ ಜನರಿರುವ ಹ್ಯೂಸ್ಟನ್ ಸುತ್ತಿನ ಮೂರು ಕೌಂಟಿಗಳಲ್ಲಿ ಸುಮಾರು 3,300. ಹ್ಯೂಸ್ಟನ್ನಿನ ಜನ ಲಾಸ್ ಏಂಜಲಿಸಿನವರಿಗಿಂತ ಹೆಚ್ಚು ದಯಾಳುಗಳೆಂದು ಇದರ ಅರ್ಥವಲ್ಲ. ಟೆಕ್ಸಸ್ಸಿನಲ್ಲಿ ಬಡವರು ಕಡಮೆಯೆಂದೂ ಅಲ್ಲ. 2011ರಿಂದೀಚೆಗೆ ಹ್ಯೂಸ್ಟನ್ನಿನ ಸಂಸ್ಥೆಗಳೆಲ್ಲ ಒಂದುಗೂಡಿ ಬೀದಿಯಲ್ಲಿದ್ದವರನ್ನು ಮೊದಲು ಮನೆಗೆ ಸೇರಿಸುವ ಕೆಲಸ ಕೈಗೊಂಡವು. ಸೇರಿಸಲು ಅಲ್ಲಿ ಖಾಲಿ ಮನೆಗಳಿದ್ದವು, ಸರಕಾರದ ನೆರವಿಗೆ ಎಟುಕುವ ಬಾಡಿಗೆಯಿತ್ತು. ಲಾಸ್ ಏಂಜಲಿಸ್ ಹಣವನ್ನು ಕಡಮೆ ಖರ್ಚು ಮಾಡಿಲ್ಲ. ಕೊಡಲು ಅದರ ಬಳಿ ಬೀಗದ ಕೈಗಳಿರಲಿಲ್ಲ.

ಈ ಹೋಲಿಕೆಗಳನ್ನೆಲ್ಲ ಮುಂದಿಟ್ಟುಕೊಂಡಾಗ ನನಗೆ ಕಾಣುವ ಸತ್ಯ ಇಷ್ಟು. ಊರಿಂದೂರಿಗೆ ಸಿಮೆಂಟಿನ ಬೆಲೆ, ಮರದ ಬೆಲೆಗಳಲ್ಲಿ ಇರುವ ವ್ಯತ್ಯಾಸ ಅಲ್ಪ. ಭಾರಿ ವ್ಯತ್ಯಾಸವಿರುವುದು ‘ಬೇಡ’ ಎನ್ನುವ ಅಧಿಕಾರ ಎಷ್ಟು ಜನರ ಕೈಯಲ್ಲಿದೆ ಎಂಬುದರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ವೃದ್ಧರೊಬ್ಬರು ತಮ್ಮ ಬೀದಿಯ ಬಿಸಿಲು ಮರೆಯಾಗುತ್ತದೆಂದು ನಗರಸಭೆಯ ವಿಚಾರಣೆಗೆ ಹೋಗಿ ಮಾತನಾಡಿದರೆ ಅವರನ್ನು ದುಷ್ಟರೆನ್ನಲು ನನಗೆ ಬಾಯಿ ಬಾರದು. ತಾನು ಬಾಳಿದ ಬೀದಿ ಇದ್ದ ಹಾಗೆಯೇ ಇರಲಿ ಎಂಬ ಆಸೆ ಯಾರಿಗಿಲ್ಲ? ನನಗೂ ನನ್ನ ಬೀದಿಯ ಹೊಂಗೆಯ ಸಾಲಿನ ಮೇಲೆ ಅಂಥ ಮಮತೆಯುಂಟು. ಆದರೆ ಆ ವಿಚಾರಣೆಯ ಕೊಠಡಿಯಲ್ಲಿ ಒಂದು ಆಸನ ಯಾವಾಗಲೂ ಬರಿದಾಗಿರುತ್ತದೆ. ಅದು ಇನ್ನೂ ಏಳದ ಮನೆಯ ಬಾಡಿಗೆದಾರನದು. ಅವನು ಆ ಬೀದಿಯವನಲ್ಲ. ಆದುದರಿಂದ ಅಲ್ಲಿ ಅವನಿಗೆ ಓಟಿಲ್ಲ, ನೋಟೀಸಿಲ್ಲ, ಮಾತಿಲ್ಲ. ಆಸ್ಪತ್ರೆಯ ದಾದಿಯಾಗಿ ಅವನು ದಿನವೂ ಎರಡು ಗಂಟೆ ದೂರದಿಂದ ಆ ಊರಿಗೆ ಬರುತ್ತಿರಬಹುದು. ಆ ಕಟ್ಟಡಗಳ ಮೇಲೆಯೇ ಮೊಳೆ ಹೊಡೆಯುತ್ತಿರಬಹುದು. ಅಮೆರಿಕದ ಕಟ್ಟಡ ಕೆಲಸಗಾರರಲ್ಲಿ ನಾಲ್ವರಲ್ಲಿ ಒಬ್ಬ ಪರದೇಶದಿಂದ ಬಂದವನು. ತಾನು ಕಟ್ಟಿದ ಮನೆಯಲ್ಲಿ ತಾನಿರಲಾರದವನು.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕ ಆ ಬರಿದಾದ ಆಸನದ ಕಡೆ ತಿರುಗಿ ನೋಡತೊಡಗಿದೆ. ಕ್ಯಾಲಿಫೋರ್ನಿಯಾದ ರಾಜ್ಯಪಾಲರು 2025ರ ಅಕ್ಟೋಬರಿನಲ್ಲಿ, ದೊಡ್ಡ ನಗರಗಳ ರೈಲು ನಿಲ್ದಾಣಗಳ ಸುತ್ತ ವಠಾರಗಳನ್ನು ಕಟ್ಟಲು ಸ್ಥಳೀಯ ಕಟ್ಟಳೆಗಳು ಅಡ್ಡಿಯಾಗದಂತೆ ಮಾಡುವ ಕಾಯಿದೆಗೆ ಸಹಿ ಹಾಕಿದರು. ನೂರು ವರ್ಷ ಬಂದಳಿಕೆಯೆನಿಸಿಕೊಂಡುದನ್ನು ಈಗ ನೆಳಲು ಕೊಡುವ ಮರವೆಂದು ಕಾಣಲು ಆ ದೇಶ ನಿಧಾನವಾಗಿ ಕಲಿಯುತ್ತಿದೆ. ಅದರ ಫಲ ಕಾಣಲು ಒಂದು ಪರವಾನಗಿ ಬಾಗಿಲಾಗುವಷ್ಟು ಕಾಲ, ಬಹುಶಃ ಅದಕ್ಕಿಂತಲೂ ಹೆಚ್ಚು ಕಾಲ, ಕಾಯಬೇಕು. ಅಲ್ಲಿಯವರೆಗೆ ಒಂದು ಊರಿನ ಏಳಿಗೆಯನ್ನು ಅಲ್ಲಿನ ಗೋಪುರಗಳ ಎತ್ತರದಿಂದ ಅಳೆಯದೆ, ಆ ಊರಿಗೆ ದುಡಿಯಲು ಬಂದವನು ಸಂಜೆ ಅದೇ ಊರಿನಲ್ಲಿ ದೀಪ ಹಚ್ಚಿಕೊಳ್ಳಬಲ್ಲನೇ ಎಂದು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬಹುದು.